ಪ್ಲೇಟು ಹಾಕಿ ಹಾಡು ಕೇಳುವವರು ನಮ್ಮ ಕಡೆ ಇನ್ನೂ ಇದ್ದೀರಾ?

ಕೋಟೆ ಕೆಳಗಿನವ (ಬಳ್ಳಾರಿ)
ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಮನೆ ಮಾಳಿಗೆ ಸೋರುತ್ತಿದೆ ಅಂತ ಹೋದ ವಾರ ಅಟ್ಟ ಖಾಲಿ ಮಾಡಿಸಿದೆವು. ಮುರಿದ ತೊಟ್ಟಿಲು, ತೂತು ಬಿದ್ದ ಕೊಳಗ, ಹಳೇ ಪಂಚಾಂಗದ ಕಟ್ಟು, ಇವೆಲ್ಲದರ ಹಿಂದೆ ತಾತನ ಕಬ್ಬಿಣದ ಟ್ರಂಕು. ಬೀಗ ಒಡೆದರೆ ಒಳಗೆ ಪೂರ್ತಿ ರೆಕಾರ್ಡು. ನಮ್ಮ ಮನೆಯಲ್ಲಿ ಪ್ಲೇಟು ಅಂತಲೇ ಕರೆಯುವುದು. ಎಣಿಸಿದೆ, 41 ಇವೆ.

ಸುಬ್ಬುಲಕ್ಷ್ಮಿಯವರ ಸುಪ್ರಭಾತ, ಘಂಟಸಾಲ ಅವರ ಭಗವದ್ಗೀತೆ, ಶೋಲೆ ಸಿನಿಮಾದ ಡೈಲಾಗು, ರಾಜ್‌ಕುಮಾರ್ ಹಾಡಿನ ಸಣ್ಣ ಪ್ಲೇಟುಗಳು ಕೆಲವು. ಉಳಿದವು ಕಲ್ಲಿನ ಹಾಗೆ ಭಾರ. ಅದರಲ್ಲಿ ಮಲ್ಲಿಕಾರ್ಜುನ ಮನ್ಸೂರರದ್ದು ಎರಡು ಇವೆ. ಒಂದರ ನಡುವಿನ ಕಾಗದ ಗೆದ್ದಲು ತಿಂದು ಹೋಗಿದೆ. ಏನಿದೆಯೋ, ಯಾರು ಹಾಡಿದ್ದೋ ಗೊತ್ತಿಲ್ಲ.

ಕಷ್ಟ ಏನೆಂದರೆ ಪ್ಲೇಯರ್ ಇಲ್ಲ. ಟೇಪ್ ರೆಕಾರ್ಡರ್ ಬಂದ ಮೇಲೆ ಚಿಕ್ಕಪ್ಪ ಯಾರಿಗೋ ಕೊಟ್ಟುಬಿಟ್ಟರಂತೆ. ಗುಜರಿಯವನನ್ನು ಕರೆದರೆ ಕೆಜಿಗೆ 12 ರೂಪಾಯಿ ಅಂದ. ಭಾರದ ಪ್ಲೇಟು ಕೈಯಲ್ಲಿ ಹಿಡಿದು, "ಇದು ಪ್ಲಾಸ್ಟಿಕ್ಕೂ ಅಲ್ಲ, ಕಬ್ಬಿಣವೂ ಅಲ್ಲ, ನನಗೆ ಬ್ಯಾಡ" ಅಂತ ವಾಪಸ್ ಕೊಟ್ಟ. ನನ್ನ ಹೆಂಡತಿ ಒಂದಕ್ಕೆ ಬಣ್ಣ ಹೊಡೆದು ಗಡಿಯಾರ ಮಾಡೋಣ ಅನ್ನುತ್ತಿದ್ದಾಳೆ.

ಈಗಲೂ ಇದನ್ನು ಹಾಕಿಕೊಂಡು ಕೇಳುವವರು ಇದ್ದೀರಾ? ಪ್ಲೇಯರ್ ಕೊಳ್ಳುವುದು ದಂಡವಾ? ಹೇಳಿ.

ಸುಮ್ನೆ_ಬಂದೆ
ಗಡಿಯಾರ ಚೆನ್ನಾಗಿರುತ್ತೆ ಅಣ್ಣಾ. ಅತ್ತಿಗೆ ಮಾತು ಕೇಳಿ.

ತೀನ್ ಕಂದೀಲ್ ಹುಡುಗ (ರಾಯಚೂರು)
ಗಡಿಯಾರ ಮಾಡಿದರೆ ರಾಯಚೂರಿನಿಂದ ಬಂದು ಜಗಳ ಆಡುತ್ತೇನೆ.

ನನಗೆ 27 ವರ್ಷ, ನನ್ನ ಹತ್ತಿರ ತೊಂಬತ್ತರ ಮೇಲೆ ಎಲ್‌ಪಿ (ವೈನಿಲ್ ಅನ್ನುವ ಪ್ಲಾಸ್ಟಿಕ್ಕಿನ ದೊಡ್ಡ ಪ್ಲೇಟು) ಇವೆ. ಹೆಚ್ಚಿನವು ಹೈದರಾಬಾದಿನ ಜುಮೇರಾತ್ ಬಜಾರಿನಲ್ಲಿ ಚೌಕಾಸಿ ಮಾಡಿ ತಂದವು. ಕೇಳುವವರು ಇದ್ದಾರೆ ಅಣ್ಣಾ, ಜಾಸ್ತಿನೂ ಆಗುತ್ತಿದ್ದಾರೆ. ಅಮೆರಿಕದಲ್ಲಿ 2022ರಲ್ಲಿ ಸಿಡಿಗಿಂತ ವೈನಿಲ್ ರೆಕಾರ್ಡೇ ಜಾಸ್ತಿ ಮಾರಿತು. 4 ಕೋಟಿ 10 ಲಕ್ಷ ರೆಕಾರ್ಡು, 3 ಕೋಟಿ 30 ಲಕ್ಷ ಸಿಡಿ. ನಮ್ಮಲ್ಲೂ ಹಳೇ ಹಿಂದಿ ಹಾಡುಗಳ ಹೊಸ ಎಲ್‌ಪಿ ಬರುತ್ತಿವೆ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಆ ಮಾತು ಬೇರೆ.

ಈಗ ಮುಖ್ಯ ವಿಷಯ. ನಿಮ್ಮ ಭಾರದ ಪ್ಲೇಟುಗಳು ವೈನಿಲ್ ಅಲ್ಲ. ಅವು 78. ಅಂದರೆ ನಿಮಿಷಕ್ಕೆ 78 ಸುತ್ತು. ಬಿದ್ದರೆ ಹಂಚಿನ ಹಾಗೆ ಒಡೆಯುತ್ತವೆ. ಎಲ್‌ಪಿ ನಿಮಿಷಕ್ಕೆ 33 ಸುತ್ತು ಮತ್ತೆ ಮೂರನೇ ಒಂದು. ಸಣ್ಣವು 45. ಈಗ ಅಂಗಡಿಯಲ್ಲಿ ಸಿಗುವ ಪ್ಲೇಯರುಗಳಲ್ಲಿ ಎಷ್ಟೋ 33 ಮತ್ತು 45ಕ್ಕೆ ಮಾತ್ರ. 78 ಬೇಕು ಅಂದರೆ ಕೇಳಿ ತಗೊಳ್ಳಿ. ಮುಳ್ಳೂ ಬೇರೆ. 78ರಲ್ಲಿ ಮುಳ್ಳು ಓಡುವ ಗೀರು ಅಗಲ, ಎಲ್‌ಪಿ ಗೀರು ಅದರ ಮೂರನೇ ಒಂದು ಭಾಗ. ಎಲ್‌ಪಿ ಮುಳ್ಳನ್ನು 78ರ ಮೇಲೆ ಇಟ್ಟರೆ ತಳದಲ್ಲಿ ಓಡಾಡಿಕೊಂಡು ಬರೀ ಗರಗರ ಅನ್ನುತ್ತದೆ.

ಇನ್ನೊಂದು. ಒಂದರ ಮೇಲೊಂದು ಪೇರಿಸಿ ಇಡಬೇಡಿ. ಪುಸ್ತಕದ ಹಾಗೆ ನಿಲ್ಲಿಸಿ. ಮಹಡಿ ಮೇಲಿನ ರೂಮಿನಲ್ಲಂತೂ ಬೇಡ. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ.

ಡೆಸಿಬೆಲ್ (ತೋರಣಗಲ್ಲು)
ಕೇಳುವವರು ಇದ್ದಾರೆ, ಸರಿ. ಆದರೆ ಯಾಕೆ ಅಂತ ಒಬ್ಬರೂ ನೆಟ್ಟಗೆ ಹೇಳುವುದಿಲ್ಲ. "ಆ ಧ್ವನಿಯಲ್ಲಿ ಒಂದು ಬೆಚ್ಚಗಿನ ಭಾವ ಇದೆ" ಅನ್ನುತ್ತಾರೆ. ರಾಯಚೂರಿನಲ್ಲಿ ಕೂತು ಬೆಚ್ಚಗೆ ಬೇಕು ಅನ್ನುವವರನ್ನು ಏನು ಮಾಡುವುದು?

ಲೆಕ್ಕ ನೋಡಿ. ಅತಿ ಮೆಲ್ಲಗಿನ ಸದ್ದಿನಿಂದ ಅತಿ ಜೋರಿನ ಸದ್ದಿಗೆ ಸಿಡಿಯಲ್ಲಿ 96 ಡೆಸಿಬೆಲ್ ಅಂತರ ಸಿಗುತ್ತದೆ. ಎಲ್‌ಪಿಯಲ್ಲಿ 60ರಿಂದ 70 ಸಿಕ್ಕರೆ ಪುಣ್ಯ. ಮೇಲೆ ಧೂಳಿನ ಚಟಪಟ. ಈಗ ಬರುವ ಹೊಸ ಎಲ್‌ಪಿಗಳಲ್ಲಿ ಬಹಳಷ್ಟನ್ನು ಡಿಜಿಟಲ್ ಫೈಲಿನಿಂದಲೇ ಕೊರೆಯುತ್ತಾರೆ. ಫೋನಿನಲ್ಲಿ ಬಿಟ್ಟಿ ಸಿಗುವುದನ್ನೇ ಎರಡು ಸಾವಿರ ಕೊಟ್ಟು ಪ್ಲಾಸ್ಟಿಕ್ ಮೇಲೆ ಕೊರೆಸಿಕೊಂಡು ಕೇಳುವ ಹುಚ್ಚು ನನಗಂತೂ ಅರ್ಥ ಆಗಿಲ್ಲ.

ತೀನ್ ಕಂದೀಲ್ ಹುಡುಗ (ರಾಯಚೂರು)
ಡೆಸಿಬೆಲ್ ಸರ್, ಕೋಟೆ ಅಣ್ಣನ ಗಂಟು ಫೋನಿನಲ್ಲಿ ಬಿಟ್ಟಿ ಸಿಗುತ್ತಾ? ಗೆದ್ದಲು ತಿಂದ ಆ ಪ್ಲೇಟಿನ ಹಾಡು ಯಾವ ಆ್ಯಪ್‌ನಲ್ಲಿದೆ ಹೇಳಿ.

ಡೆಸಿಬೆಲ್ (ತೋರಣಗಲ್ಲು)
ಏನು ಹಾಡು ಅಂತಲೇ ಗೊತ್ತಿಲ್ಲದ್ದನ್ನು ಹುಡುಕುವುದು ಹೇಗಪ್ಪಾ?

ತೀನ್ ಕಂದೀಲ್ ಹುಡುಗ (ರಾಯಚೂರು)
ಅದನ್ನೇ ಹೇಳುತ್ತಿರುವುದು!

ಮೈಕ್‌ಸೆಟ್ ಮಗ (ಸಿಂಧನೂರು)
ಈ ಮಾತುಕತೆ ನೋಡಿ ನಮ್ಮಪ್ಪನ ಅಂಗಡಿ ಕಣ್ಣ ಮುಂದೆ ಬಂತು. ಸಿಂಧನೂರು ಸುತ್ತಮುತ್ತಲ ಹಳ್ಳಿಗಳ ಮದುವೆ, ಜಾತ್ರೆ, ಗಣಪತಿ ಎಲ್ಲಕ್ಕೂ ಅಪ್ಪನದೇ ಮೈಕ್‌ಸೆಟ್. ಎರಡು ಹಾರ್ನು, ಒಂದು ಆ್ಯಂಪ್ಲಿಫೈಯರ್, ಒಂದು ಪ್ಲೇಯರು, ಒಂದು ಪೆಟ್ಟಿಗೆ ಪ್ಲೇಟು. ಎತ್ತಿನ ಬಂಡಿ ಮೇಲೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಗೋಣಿಚೀಲ ತೋಯಿಸಿ ಹಿಂಡಿ ಪ್ಲೇಟಿನ ಪೆಟ್ಟಿಗೆ ಮೇಲೆ ಹೊದಿಸುತ್ತಿದ್ದರು. ಇಲ್ಲದಿದ್ದರೆ ಊರು ಮುಟ್ಟುವಷ್ಟರಲ್ಲಿ ಪ್ಲೇಟು ಹಪ್ಪಳ. ನಾನು ಪಕ್ಕದಲ್ಲಿ ಕೂತು ಚೀಲಕ್ಕೆ ನೀರು ಚಿಮುಕಿಸುವ ಕೆಲಸದವನು.

ಯಾವ ಪ್ಲೇಟು ಯಾವಾಗ ಅಂತ ಅಪ್ಪನಿಗೆ ಒಂದು ಕ್ರಮ ಇತ್ತು. ಬೆಳಗ್ಗೆ ಎದ್ದ ಕೂಡಲೇ ಸುಪ್ರಭಾತ. 1963ರಲ್ಲಿ ಬಂದ ಎಲ್‌ಪಿ ಅದು. ನಮ್ಮಲ್ಲಿ ಮೂರು ಸವೆದು ನಾಲ್ಕನೆಯದು ತಂದಿದ್ದರು. ಅರಿಶಿನದ ಹೊತ್ತಿಗೆ ರಾಜ್‌ಕುಮಾರ್. ಊಟದ ಪಂಕ್ತಿ ಎದ್ದ ಮೇಲೆ ಹಿಂದಿ. ಹೆಣ್ಣು ಒಪ್ಪಿಸುವಾಗ ಒಂದು ದುಃಖದ ಹಾಡು. ಆ ಹಾಡು ಶುರುವಾಗದೆ ನಮ್ಮ ಕಡೆ ಹೆಣ್ಣಿನ ತಾಯಿ ಅಳುತ್ತಲೇ ಇರಲಿಲ್ಲ ಅಂತ ಅಪ್ಪ ಜಂಬ ಕೊಚ್ಚುತ್ತಿದ್ದರು.

ಶೋಲೆ 1975ರದ್ದು. ಅದರ ಡೈಲಾಗ್ ಪ್ಲೇಟು ನಮ್ಮ ಹಳ್ಳಿಗಳಿಗೆ ಬಂದ ಮೇಲೆ ಹಾಡು ಕೇಳುವವರೇ ಇಲ್ಲ. ಹುಡುಗರೆಲ್ಲ ಬಂದು "ಗಬ್ಬರ್ ಹಾಕ್ರಿ" ಅಂತ ಪ್ರಾಣ ತಿನ್ನುತ್ತಿದ್ದರು. ಒಂದು ಮದುವೆಯಲ್ಲಿ ಅಪ್ಪ ಬೀಡಿ ಸೇದಲು ಹೊರಗೆ ಹೋದರು. ಮುಹೂರ್ತದ ಹೊತ್ತು. "ಗಟ್ಟಿಮೇಳ ಅಂದ ಕೂಡಲೇ ಮುಳ್ಳು ಇಡು" ಅಂತ ನನಗೆ ಹೇಳಿದ್ದರು. ಶಹನಾಯಿ ಪ್ಲೇಟಿನ ಬದಲು ಬೇರೆಯದು ಇದ್ದದ್ದು ನಾನು ನೋಡಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಎರಡು ಹಾರ್ನಿನಿಂದಲೂ ಗಬ್ಬರ್ ಕೇಳಿದ, "ಕಿತ್ನೇ ಆದ್ಮೀ ಥೇ?" ಪೂಜಾರಿಗಳು ಅಕ್ಷತೆ ಕೈಯಲ್ಲೇ ಹಿಡಿದು ನಿಂತರು. ಅಪ್ಪ ಅವತ್ತು ಹೊಡೆದ ಪೆಟ್ಟು ಇವತ್ತಿಗೂ ನೆನಪಿದೆ.

ಆ ಜೋಡಿ ಚೆನ್ನಾಗಿದ್ದಾರೆ. ಮೊಮ್ಮಕ್ಕಳೂ ಇದ್ದಾರೆ.

ಸುಮ್ನೆ_ಬಂದೆ
ಮೊಮ್ಮಕ್ಕಳು ಕಿತ್ನೇ?

ಮಾನ್ವಿ ಮಗಳು
😂😂 ಆಫೀಸಿನಲ್ಲಿ ಓದುತ್ತಿದ್ದೆ, ಎಲ್ಲರೂ ತಿರುಗಿ ನೋಡಿದರು.

ಪ್ಲೇಯರ್ ವಿಷಯಕ್ಕೆ ನನ್ನದೂ ಒಂದು ಬುದ್ಧಿಮಾತು. ಹೊರದೇಶದಿಂದ ತರಿಸಬೇಡಿ. ನಮ್ಮ ಮಾವ ಅಮೆರಿಕದಿಂದ ಬರುವಾಗ ಒಂದು ಹಳೇ ಪ್ಲೇಯರ್ ತಂದರು. ಅಲ್ಲಿ 110 ವೋಲ್ಟು, ಇಲ್ಲಿ 230. ಟ್ರಾನ್ಸ್‌ಫಾರ್ಮರ್ ಹಾಕಿದರು. ದೀಪ ಹತ್ತಿತು, ತಟ್ಟೆ ತಿರುಗಿತು. ಆದರೆ ಲತಾ ಮಂಗೇಶ್ಕರ್ ಗಂಡಸಿನ ಹಾಗೆ ಹಾಡಲು ಶುರು ಮಾಡಿದರು! ಒಂದು ತಿಂಗಳು ಬೆಲ್ಟು ಬದಲಿಸಿದ್ದೇ ಬದಲಿಸಿದ್ದು. ಕೊನೆಗೆ ರೇಡಿಯೊ ರಿಪೇರಿಯವರೊಬ್ಬರು ಹೇಳಿದರು, ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50 ಅಂತ. ಆ ಥರದ ಮೋಟಾರು ಕರೆಂಟಿನ ತಾಳಕ್ಕೇ ತಿರುಗುವುದಂತೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ತಾಳ ಬದಲಿಸುವುದಿಲ್ಲ. 33 ತಿರುಗಬೇಕಾದದ್ದು 28ರ ಹತ್ತಿರ ತಿರುಗುತ್ತಿತ್ತು.

ಪೆಟ್ಟಿ ಮಾಸ್ತರ (ಕುಕನೂರು)
ತಂಗೀ, ಆರರಲ್ಲಿ ಐದು ಪಾಲು ಅಂದರೆ ಹೆಚ್ಚುಕಡಿಮೆ ಹಾರ್ಮೋನಿಯಂನ ಮೂರು ಪಟ್ಟಿ ಕೆಳಗೆ. ಕರಿ ನಾಲ್ಕರಲ್ಲಿ ಹಾಡಿದ್ದು ಬಿಳಿ ನಾಲ್ಕಕ್ಕೆ ಇಳಿಯಿತು. ಲತಾಬಾಯಿ ಗಂಡಸಾಗದೆ ಏನಾಗಬೇಕು!

ಕೋಟೆ ಕೆಳಗಿನವರಿಗೆ ಎರಡು ಮಾತು. ನಾನು ನಲವತ್ತು ವರ್ಷ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ಬಾರಿಸಿದವನು. ನಮಗೆ ಪಾಠ ಹೇಳಿದ್ದರಲ್ಲಿ ಅರ್ಧ ಗುರುಗಳು, ಅರ್ಧ ಪ್ಲೇಟು. ನಮ್ಮ ಪಕ್ಕದ ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿ ಮುಂದೆ ನಿಂತು ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ, ಇದೇ ಹಾಡು ಕಲಿಯಬೇಕು ಅಂತ 1933ರಲ್ಲಿ ಮನೆ ಬಿಟ್ಟು ಹೋದ ಕಥೆ ಎಲ್ಲರಿಗೂ ಗೊತ್ತು. ಹತ್ತಿಂಚಿನ ಒಂದು ತಟ್ಟೆ, ಒಂದು ಬದಿಗೆ ಮೂರು ನಿಮಿಷದ ಹಾಡು. ಅಷ್ಟೇ.

ಆ ಮೂರು ನಿಮಿಷದ ಮಾತೇ ದೊಡ್ಡದು. ಬೈಠಕ್ಕಿನಲ್ಲಿ ಒಂದು ರಾಗವನ್ನು ಒಂದು ತಾಸು ಎಳೆಯುವವರು ಇಲ್ಲಿ ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸಿ, ತಾನ್ ಹಾಕಿ, ತಾಳದ ಸಮಕ್ಕೆ ಬಂದು ಮುಗಿಸಬೇಕು. ಒಂದು ಸ್ವರ ದಂಡ ಮಾಡುವ ಹಾಗಿಲ್ಲ. ನಿಮ್ಮ ಮನ್ಸೂರರ 78 ಹಾಕಿ ಕೇಳಿ. ಮೊದಲ ಆಲಾಪದಲ್ಲೇ ರಾಗ ಎದುರಿಗೆ ಬಂದು ಕೂರುತ್ತದೆ.

"ಗಾಂಧಾರಿ" ಅಂತ ಬರೆದ ಪ್ಲೇಟು ಏನಾದರೂ ಇದೆಯಾ ನೋಡಿ. ಗಂಗೂಬಾಯಿ ಹಾನಗಲ್ಲರು ಮೊದಮೊದಲು ಆ ಹೆಸರಿನಲ್ಲಿ ಪ್ಲೇಟು ಕೊಟ್ಟಿದ್ದರು. ಆಗಿನ ದನಿಯೇ ಬೇರೆ, ಸಣ್ಣ ದನಿ. ಗಂಟಲಿನ ಆಪರೇಶನ್ ಆದ ಮೇಲೆ ನಾವು ಕೇಳಿದ ಗಡಸು ದನಿ ಬಂದದ್ದು. ಆ ಮೊದಲಿನ ದನಿ ಉಳಿದಿರುವುದು ತಟ್ಟೆಯಲ್ಲಿ ಮಾತ್ರ.

ಡೆಸಿಬೆಲ್ ಸಾಹೇಬರು ಲೆಕ್ಕ ಬಿಟ್ಟು ಇದನ್ನು ವಿಚಾರ ಮಾಡಲಿ.

ಡೆಸಿಬೆಲ್ (ತೋರಣಗಲ್ಲು)
ಮಾಸ್ತರ್, ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಹಾಡು ಉಳಿಯಲಿ. ನನ್ನ ತಕರಾರು ತಟ್ಟೆಯದು. ಒಂದು ಸಲ ಸರಿಯಾದ ಮುಳ್ಳಿನಲ್ಲಿ ಹಾಕಿ, ಕಂಪ್ಯೂಟರಿಗೆ ತುಂಬಿ, ತಟ್ಟೆ ಎತ್ತಿಡಿ. ಪ್ರತಿ ಸಲ ಮುಳ್ಳು ಇಟ್ಟಾಗಲೂ ಅದು ಇಷ್ಟಿಷ್ಟೇ ಸವೆಯುತ್ತದೆ. ಪ್ರೀತಿ ಅಂತ ದಿನಾ ಕೇಳಿದರೆ ನೀವೇ ಅದನ್ನು ಕೊಂದಂತೆ.

ಇನ್ನೊಂದು, ಎಲ್‌ಪಿಯಲ್ಲಿ ಕೊನೆಯ ಹಾಡು ಯಾಕೆ ಒಡಕು ಒಡಕಾಗಿ ಕೇಳುತ್ತದೆ ಗೊತ್ತಾ? ಹೊರಗಿನ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾಯುತ್ತದೆ. ಒಳಗೆ ಬಂದಾಗ 21. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದಂತೆ. ಇದು ಆ ತಂತ್ರದ ಹುಟ್ಟುಗುಣ.

ತೀನ್ ಕಂದೀಲ್ ಹುಡುಗ (ರಾಯಚೂರು)
ಅದಕ್ಕೇ ಒಳಗಿನ ಹಾಡು ಸಾಮಾನ್ಯವಾಗಿ ಮೆಲ್ಲಗಿನದು ಇಡುತ್ತಾರೆ ಸರ್. ನಮಗೂ ಗೊತ್ತು 🙂

ಕೋಟೆ ಅಣ್ಣಾ, ಆ ಹೆಸರಿಲ್ಲದ ಪ್ಲೇಟನ್ನು ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಕಾಗದ ಮತ್ತು ಕೊನೆಯ ಗೀರಿನ ನಡುವೆ ನುಣ್ಣನೆ ಜಾಗ ಇರುತ್ತದಲ್ಲ, ಅಲ್ಲಿ ನಂಬರು ಒತ್ತಿರುತ್ತಾರೆ. ಅದು ಸಿಕ್ಕರೆ ಯಾರಾದರೂ ಸಂಗ್ರಹಕಾರರು ಗುರುತು ಹಿಡಿಯಬಹುದು.

ಪೆಟ್ಟಿ ಮಾಸ್ತರ (ಕುಕನೂರು)
ಬಹಳ ಹಳೆಯದಾಗಿದ್ದರೆ ಕೊನೆವರೆಗೂ ಕೇಳಿ. ಆಗಿನವರು ಹಾಡು ಮುಗಿಸಿ ತಮ್ಮ ಹೆಸರು ತಾವೇ ಕೂಗುತ್ತಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿ, ಕೊನೆಗೆ ಇಂಗ್ಲಿಷಿನಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಅಂದದ್ದು ಪ್ರಸಿದ್ಧ. ಶೋಕಿಗೆ ಅಲ್ಲ. ಆಗ ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡು ಯಾವುದು ಅಂತ ಗೊತ್ತಾಗಬೇಕಲ್ಲ! 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ಆಯಿತು.

ಕೋಟೆ ಕೆಳಗಿನವ (ಬಳ್ಳಾರಿ)
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಆದರೆ ಒಂದು ಅನಾಹುತ ಮಾಡಿಕೊಂಡೆ. ಪ್ಲೇಟಿನ ಮೇಲೆಲ್ಲ ಬಳ್ಳಾರಿಯ ಕೆಂಧೂಳು ಕೂತಿತ್ತು. ಗೀರಿನಲ್ಲಿ ಕುಂಕುಮ ತುಂಬಿದ ಹಾಗೆ. ಒರೆಸಿದರೆ ಹೋಗಲಿಲ್ಲ. ಕೊರೊನಾ ಕಾಲದ್ದು ಒಂದು ಕ್ಯಾನ್ ಸ್ಯಾನಿಟೈಜರ್ ಮನೆಯಲ್ಲಿ ಉಳಿದಿತ್ತು. ಹತ್ತಿ ಅದ್ದಿ ಒಂದು ಭಾರದ ಪ್ಲೇಟನ್ನು ಎರಡೂ ಬದಿ ಚೆನ್ನಾಗಿ ಉಜ್ಜಿದೆ. ಹತ್ತಿ ಕಪ್ಪಗಾಯಿತು. ಕೊಳೆ ಬರುತ್ತಿದೆ ಅಂತ ಖುಷಿಯಲ್ಲಿ ಇನ್ನೂ ಉಜ್ಜಿದೆ. ಆಮೇಲೆ ಬೆರಳು ಅಂಟತೊಡಗಿತು. ಈಗ ತಟ್ಟೆ ನುಣ್ಣಗೆ, ಮಂಕಾಗಿದೆ. ಗೀರೇ ಕಾಣುತ್ತಿಲ್ಲ.

ಪುಣ್ಯಕ್ಕೆ ಮನ್ಸೂರರದ್ದಲ್ಲ, ಹೆಸರಿಲ್ಲದ್ದೂ ಅಲ್ಲ. ಯಾವುದೋ ಬ್ಯಾಂಡಿನ ಪ್ಲೇಟು.

ತೀನ್ ಕಂದೀಲ್ ಹುಡುಗ (ರಾಯಚೂರು)
ಅಯ್ಯೋ ಅಣ್ಣಾ ಅಯ್ಯೋ.

ಬಡಗಿ ಕುಷ್ಟಗಿ
ಸರ್, ಪ್ಲೇಟಿನ ವಿಷಯ ನನಗೆ ಗೊತ್ತಿಲ್ಲ. ಆದರೆ ನೀವು ಹೇಳಿದ್ದು ಕೇಳಿ ಗೊತ್ತಾಯಿತು, ಅದು ಅರಗು. ನಾವು ಬಾಗಿಲಿಗೆ, ಮಂಚಕ್ಕೆ ಪಾಲಿಶ್ ಹಾಕಲು ಚಪಡಾ ತರುತ್ತೇವೆ. ಒಣಗಿದ ಅರಗಿನ ಚೂರು. ಅದನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿದರೆ ರಾತ್ರಿ ಕಳೆಯುವಷ್ಟರಲ್ಲಿ ಕರಗಿ ಪಾಲಿಶ್ ಆಗುತ್ತದೆ. ನಿಮ್ಮ ಸ್ಯಾನಿಟೈಜರಿನಲ್ಲಿ ಇರುವುದೂ ಅದೇ ಸ್ಪಿರಿಟ್ಟಿನ ಜಾತಿ. ನೀವು ಕೊಳೆ ತೆಗೆಯಲಿಲ್ಲ, ಪ್ಲೇಟನ್ನೇ ಪಾಲಿಶ್ ಮಾಡಿದಿರಿ.

ತೀನ್ ಕಂದೀಲ್ ಹುಡುಗ (ರಾಯಚೂರು)
ಬಡಗಿ ಅಣ್ಣ ನೂರಕ್ಕೆ ನೂರು ಸರಿ. 78 ಮಾಡುತ್ತಿದ್ದದ್ದು ಅರಗು ಮತ್ತು ಕಲ್ಲಿನ ಪುಡಿ ಸೇರಿಸಿ. ಆ ಅರಗು ಹೆಚ್ಚಾಗಿ ನಮ್ಮ ದೇಶದಿಂದಲೇ ಎಲ್ಲ ಕಡೆ ಹೋಗುತ್ತಿತ್ತು. ಚನ್ನಪಟ್ಟಣದ ಗೊಂಬೆಗೆ ಹಚ್ಚುತ್ತಾರಲ್ಲ, ಅದೇ. ಅದಕ್ಕೇ ನಮ್ಮಲ್ಲಿ ವೈನಿಲ್ ಬಂದ ಮೇಲೂ ಬಹಳ ದಿನ 78 ಒತ್ತಿದರು. ಇಂಗ್ಲೆಂಡಿನ ಬೀಟಲ್ಸ್ ಹಾಡು 1960ರ ದಶಕದಲ್ಲಿ ಇಲ್ಲಿ 78ರಲ್ಲಿ ಬಂದಿತ್ತು. ಹೊರದೇಶದವರು ಈಗ ಅದನ್ನು ಹುಡುಕಿಕೊಂಡು ಬರುತ್ತಾರೆ.

ತೊಳೆಯುವ ಕ್ರಮ: 78ಕ್ಕೆ ಡಿಸ್ಟಿಲ್ಡ್ ವಾಟರ್, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬ್ರಷ್. ಗೀರಿನ ದಾರಿಯಲ್ಲೇ ಸುತ್ತ ಉಜ್ಜಬೇಕು, ಅಡ್ಡಡ್ಡ ಅಲ್ಲ. ನಡುವಿನ ಕಾಗದಕ್ಕೆ ನೀರು ತಾಗಬಾರದು. ಒರೆಸಿ ನೆರಳಲ್ಲಿ ಒಣಗಿಸಿ. ಸ್ಪಿರಿಟ್ ಜಾತಿ ಯಾವುದೂ ಬೇಡ. ಎಲ್‌ಪಿಗೆ ಸ್ವಲ್ಪ ಬೆರೆಸಿದರೆ ಏನೂ ಆಗುವುದಿಲ್ಲ, ಅದು ಬೇರೆ ವಸ್ತು.

ಸುಮ್ನೆ_ಬಂದೆ
ಪಾಂಡವರೇ ಅರಗಿನ ಮನೆಯಿಂದ ತಪ್ಪಿಸಿಕೊಂಡರು, ಬ್ಯಾಂಡಿನವರು ಸಿಕ್ಕಿಬಿದ್ದರು.

ಮೈಕ್‌ಸೆಟ್ ಮಗ (ಸಿಂಧನೂರು)
ಸೊಟ್ಟಗಾದ ಎಲ್‌ಪಿ ಇದ್ದರೆ ಅಪ್ಪ ಎರಡು ದಪ್ಪ ಗಾಜಿನ ನಡುವೆ ಇಟ್ಟು, ಮೇಲೆ ಶಹಾಬಾದ್ ಕಲ್ಲು ಹೇರಿ, ಸಂಜೆ ಬಿಸಿಲಿಗೆ ಇಡುತ್ತಿದ್ದರು. ಎಷ್ಟೋ ನೆಟ್ಟಗಾದವು. ಒಂದು ಸಲ ಯಾರೋ ಮಾತಿಗೆ ಸಿಕ್ಕಿ ಮಧ್ಯಾಹ್ನದ ಬಿಸಿಲಲ್ಲೇ ಬಿಟ್ಟು, ಗಾಜಿಗೆ ಅಂಟಿಕೊಂಡಿತು. ಆ ಗಾಜು ಬಹಳ ದಿನ ಅಂಗಡಿಯಲ್ಲೇ ಇತ್ತು.

ಮಾನ್ವಿ ಮಗಳು
ಅಂಗಡಿ ಅಂದಿದ್ದಕ್ಕೆ ನೆನಪಾಯಿತು. ಸಿಂಧನೂರಿನಲ್ಲಿ ಸಂಜೆ ಬಿಸಿಬಿಸಿ ಗಿರ್ಮಿಟ್ ಎಲ್ಲಿ ಚೆನ್ನಾಗಿ ಸಿಗುತ್ತದೆ? ಶನಿವಾರ ಬರುತ್ತಿದ್ದೇನೆ.

ಮೈಕ್‌ಸೆಟ್ ಮಗ (ಸಿಂಧನೂರು)
ಮಾನ್ವಿಯವರಾಗಿ ಗಿರ್ಮಿಟ್ ಅನ್ನುತ್ತೀರಲ್ಲ ತಂಗೀ! ಅದು ಹುಬ್ಬಳ್ಳಿ ಮಾತು. ನಮ್ಮದು ಒಗ್ಗರಣೆ ಮಿರ್ಚಿ.

ಡೆಸಿಬೆಲ್ (ತೋರಣಗಲ್ಲು)
ಎರಡೂ ಒಂದೇ ಅಲ್ವಾ?

ಪೆಟ್ಟಿ ಮಾಸ್ತರ (ಕುಕನೂರು)
ಅಲ್ಲ! ಗಿರ್ಮಿಟ್ಟಿಗೆ ಮಂಡಕ್ಕಿ ನೆನೆಸುವುದಿಲ್ಲ. ಒಗ್ಗರಣೆಗೆ ನೆನೆಸಿ ಹಿಂಡಬೇಕು. ಇಷ್ಟು ಗೊತ್ತಿಲ್ಲದೆ 96 ಡೆಸಿಬೆಲ್ ಅಳೆಯುತ್ತೀರಿ.

ಮೇಲ್ವಿಚಾರಕ
ಮಂಡಕ್ಕಿಯವರು ಬೇರೆ ಎಳೆ ಶುರು ಮಾಡಿ. ಇಲ್ಲಿ ಪ್ಲೇಟಿನ ಮಾತು. (ತಿನ್ನುವ ಪ್ಲೇಟಲ್ಲ.)

ಗಂಗಾವತಿ ಅಕ್ಕ
ಎರಡು ದಿನದಿಂದ ಓದುತ್ತಿದ್ದೇನೆ, ಈಗ ಬರೆಯುತ್ತಿದ್ದೇನೆ. ನಾನು ರಿಟೈರ್ಡ್ ಟೀಚರ್. ಕೋಟೆ ತಮ್ಮಾ, ನಿನ್ನ ಪ್ರಶ್ನೆಗೆ ನೇರ ಉತ್ತರ: ಹೌದು, ನಾನು ಈಗಲೂ ಕೇಳುತ್ತೇನೆ. ವಾರಕ್ಕೆ ಎರಡು ಮೂರು ಸಲ.

ನನ್ನದು ಕೀಲಿ ಕೊಡುವ ಗ್ರಾಮಫೋನು. ನಮ್ಮ ಮಾವನವರದ್ದು. ಕರೆಂಟೇ ಬೇಡ. ಕೀಲಿ ಪೂರ್ತಿ ತಿರುಗಿಸಿದರೆ ಒಂದು ಪ್ಲೇಟಿಗೆ ಸಾಕು. ಅರ್ಧ ಕೊಟ್ಟರೆ ಹಾಡು ಕೊನೆಗೆ ತೂಕಡಿಸುತ್ತದೆ. ಇಲ್ಲಿ ಕರೆಂಟ್ ಹೋದ ಕೂಡಲೇ ಅಕ್ಕಪಕ್ಕದ ಮನೆಯ ಮಕ್ಕಳು "ಅಜ್ಜಿ, ಪ್ಲೇಟು" ಅಂತ ಬಂದುಬಿಡುತ್ತಾರೆ. ಇನ್ವರ್ಟರ್ ಬಂದ ಮೇಲೆ ಬರುವವರು ಕಡಿಮೆಯಾದರು.

ಮುಳ್ಳಿನ ಬಗ್ಗೆ ಒಂದು ಮಾತು. ಉಕ್ಕಿನ ಮುಳ್ಳು ಒಂದು ಬದಿಗೆ ಒಂದು. ಹಾಡು ಮುಗಿದ ಮೇಲೆ ಬಿಸಾಡಬೇಕು. ದುಂದುಗಾರಿಕೆ ಅನಿಸುತ್ತದೆ, ಆದರೆ ಕಾರಣ ಇದೆ. ಪ್ಲೇಟಿನಲ್ಲಿರುವ ಕಲ್ಲಿನ ಪುಡಿ ಮುಳ್ಳನ್ನು ಸಾಣೆ ಹಿಡಿಯುತ್ತದೆ. ಮೂರು ನಿಮಿಷಕ್ಕೇ ಮೊನೆ ಚಪ್ಪಟೆಯಾಗಿ ಅಂಚು ಚೂಪಾಗುತ್ತದೆ. ಅದೇ ಮುಳ್ಳನ್ನು ಮತ್ತೆ ಇಟ್ಟರೆ ಉಳಿಯ ಹಾಗೆ ಗೀರನ್ನು ಕೆತ್ತುತ್ತಾ ಹೋಗುತ್ತದೆ. ನಾನು ಬಳಸಿದ ಮುಳ್ಳುಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕುತ್ತೇನೆ. ಎರಡನೇ ಬಾಟಲಿ ಅರ್ಧ ಆಗಿದೆ. ಹೊಸ ಮುಳ್ಳು ಪೆಟ್ಟಿಗೆ ಗಟ್ಟಲೆ ಇನ್ನೂ ಮಾಡುತ್ತಾರೆ, ಆನ್‌ಲೈನ್‌ನಲ್ಲಿ ಸಿಗುತ್ತವೆ.

ಪ್ಲೇಯರ್ ಕೊಳ್ಳುವ ಮೊದಲು ಒಂದು ಭಾನುವಾರ ನಮ್ಮ ಮನೆಗೆ ಬಾ. ಹೆಸರಿಲ್ಲದ್ದನ್ನು ತಗೊಂಡು ಬಾ. ನಿಮ್ಮ ಮನೆಯಲ್ಲಿ ಹಿರಿಯರು ಇದ್ದರೆ ಕರೆದುಕೊಂಡು ಬಾ.

ಕೋಟೆ ಕೆಳಗಿನವ (ಬಳ್ಳಾರಿ)
ಅಕ್ಕಾ, ನಮ್ಮ ಅಜ್ಜಿ ಇದ್ದಾರೆ. ಈ ಭಾನುವಾರವೇ ಬರುತ್ತೇವೆ. ಡ್ಯಾಮಿನಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗದಿದ್ದರೆ.

ತೀನ್ ಕಂದೀಲ್ ಹುಡುಗ (ರಾಯಚೂರು)
ಕಾರಿನಲ್ಲಿ ತರುವಾಗ ಡಿಕ್ಕಿಯಲ್ಲಿ ಇಡಬೇಡಿ ಅಣ್ಣಾ!!

ಕೋಟೆ ಕೆಳಗಿನವ (ಬಳ್ಳಾರಿ)
ಹೋಗಿ ಬಂದೆವು. ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಪ್ಲೇಟನ್ನು ಅಜ್ಜಿಯ ಹಳೇ ಇಳಕಲ್ ಸೀರೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ಅಜ್ಜಿಯ ತೊಡೆ ಮೇಲೆ ಇಟ್ಟಿದ್ದೆವು. "ಇದೇನೋ ಇದು, ಕೂಸು ಹಿಡಕೊಂಡಂಗೆ" ಅಂತ ಗೊಣಗುತ್ತಲೇ ಬಂದರು. ಟ್ರಂಕಿನ ವಿಷಯದಲ್ಲಿ ಅವರಿಗೆ ಅಷ್ಟೇನೂ ಆಸಕ್ತಿ ಇರಲಿಲ್ಲ. "ನಿಮ್ಮ ತಾತಂಗೆ ಮಾಡಕ್ಕೆ ಕೆಲಸ ಇರಲಿಲ್ಲ" ಅಂತ ಮೊದಲ ದಿನವೇ ಹೇಳಿದ್ದರು.

ಅಕ್ಕ ಚಹಾ ಕೊಟ್ಟು, ಪ್ಲೇಟು ನೋಡಿದರು. ಟಾರ್ಚ್ ಹಿಡಿದು ನಂಬರು ಹುಡುಕಿದೆವು. ಎರಡು ಅಂಕಿ ಕಂಡವು, ಉಳಿದದ್ದು ಗೆದ್ದಲಿನ ಮಣ್ಣಿನಲ್ಲಿ ಮುಚ್ಚಿದೆ. ಅಕ್ಕ ಕೀಲಿ ಕೊಟ್ಟರು, ಹೊಸ ಮುಳ್ಳು ಸಿಕ್ಕಿಸಿದರು, ಇಟ್ಟರು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ಆಮೇಲೆ ಹಾರ್ಮೋನಿಯಂ. ಆಮೇಲೆ ಒಬ್ಬ ಗಂಡಸು, ಎತ್ತರದ ದನಿ. ನಾಟಕದ ಹಾಡು ಅಂತ ಗೊತ್ತಾಗುತ್ತಿತ್ತು. ಕೃಷ್ಣನನ್ನು ಯಾರೋ ಬೇಡಿಕೊಳ್ಳುತ್ತಿದ್ದಾರೆ.

ಎರಡನೇ ಸಾಲಿಗೆ ಅಜ್ಜಿ ಚಹಾ ಕೆಳಗಿಟ್ಟರು. ಮೂರನೇ ಸಾಲಿಗೆ ಅವರೂ ಹಾಡಲು ಶುರು ಮಾಡಿದರು. ಅಜ್ಜಿ ಹಾಡಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಆರತಿ ಹಾಡು ಕೂಡ ಇಲ್ಲ.

"ಮುರಾರಿ" ಅನ್ನುವ ಪದ ಬಂತು. ಮುಳ್ಳು ಸಿಕ್ಕಿಕೊಂಡಿತು. ಮುರಾ, ಮುರಾ, ಮುರಾ. ಅಜ್ಜಿಯೂ ಸರಿಯಾಗಿ "ಮುರಾ ಮುರಾ ಮುರಾ" ಅಂತ ಮೂರು ಸಲ ಹಾಡಿ, ಏನೂ ಆಗದವರ ಹಾಗೆ "ಮುರಾರೀ" ಅಂತ ಮುಂದಕ್ಕೆ ಹೋದರು. ಪ್ಲೇಟು ಮಾತ್ರ ಅಲ್ಲೇ ಮುರಾ ಮುರಾ ಅನ್ನುತ್ತಿತ್ತು. ಅಜ್ಜಿ ಎರಡು ಸಾಲು ಒಬ್ಬರೇ ಹಾಡಿ, ಪಕ್ಕದಲ್ಲಿ ಯಾರೂ ಇಲ್ಲ ಅಂತ ಗೊತ್ತಾಗಿ ನಿಲ್ಲಿಸಿದರು.

"ನಿಮ್ಮ ತಾತ ಮೂರಕ್ಕೆ ತಟ್ಟೋರು" ಅಂದರು. ತೋರುಬೆರಳಲ್ಲಿ ಗಾಳಿಯಲ್ಲೇ ತಟ್ಟಿ ತೋರಿಸಿದರು. ಪ್ಲೇಟನ್ನು ತಾತ ಹೊಸಪೇಟೆಯಿಂದ ತರುವಾಗ ಸೈಕಲ್ಲಿನಿಂದ ಬಿದ್ದು ಗೀರು ಆಗಿತ್ತಂತೆ. ಮೊದಲ ದಿನದಿಂದಲೂ ಹಾಗೆಯೇ. ಅಜ್ಜಿಗೆ ಆ ಹಾಡು ಬೇರೆ ಥರ ಗೊತ್ತೇ ಇಲ್ಲ.

ಯಾರು ಹಾಡಿದ್ದು ಅಂತ ಕೇಳಿದೆ. "ಯಾರಿಗೆ ಗೊತ್ತು, ನಾವು ಅದಕ್ಕ ಮುರಾಮುರಾ ಪ್ಲೇಟು ಅಂತಿದ್ವಿ" ಅಂದರು.

ತೀನ್ ಕಂದೀಲ್ ಹುಡುಗ (ರಾಯಚೂರು)
ಅಣ್ಣಾ…

ಡೆಸಿಬೆಲ್ (ತೋರಣಗಲ್ಲು)
78ರ ವೇಗದಲ್ಲಿ ಒಂದು ಸುತ್ತಿಗೆ 0.77 ಸೆಕೆಂಡು. "ಮುರಾ" ಅನ್ನಲು ಸರಿಯಾಗಿ ಅಷ್ಟೇ ಬೇಕು. ಈಗ ಇಲ್ಲಿ ಕೂತು ಹೇಳಿ ನೋಡಿದೆ.

ಫೋನಿನಲ್ಲಿ ರೆಕಾರ್ಡ್ ಮಾಡಿದಿರಾ?

ಕೋಟೆ ಕೆಳಗಿನವ (ಬಳ್ಳಾರಿ)
ಇಲ್ಲ ಸರ್. ಮರೆತೇಬಿಟ್ಟೆ.

ಡೆಸಿಬೆಲ್ (ತೋರಣಗಲ್ಲು)
ಏನ್ರೀ ನೀವು! ಮುಂದಿನ ಭಾನುವಾರ ನಾನೇ ಬರುತ್ತೇನೆ, ಮೈಕ್ ತಗೊಂಡು. ಅಕ್ಕಾ, ಅಡ್ರೆಸ್ ಮೆಸೇಜ್ ಮಾಡಿ. ಗೀರಿನ ಆ ಜಾಗ ಸರಿ ಮಾಡಿ ಕೊಡುವ ಸಾಫ್ಟ್‌ವೇರ್ ಇದೆ ನನ್ನ ಹತ್ತಿರ.

ಗಂಗಾವತಿ ಅಕ್ಕ
ಬಾರಪ್ಪಾ, ಊಟಕ್ಕೇ ಬಾ. ಆದರೆ ಮುರಾಮುರಾ ತೆಗೆಯಬೇಡ.

ಪೆಟ್ಟಿ ಮಾಸ್ತರ (ಕುಕನೂರು)
ನಾನೂ ಬರುತ್ತೇನೆ. ಅಜ್ಜಿ ಯಾವ ಶ್ರುತಿ ಹಿಡಿದಿದ್ದರು?

ಕೋಟೆ ಕೆಳಗಿನವ (ಬಳ್ಳಾರಿ)
ಪ್ಲೇಟಿನ ಶ್ರುತಿಯೇ ಮಾಸ್ತರ್. ಕೀಲಿ ಮುಗಿಯುತ್ತಾ ಬಂದಾಗ ಅದರ ಜೊತೆಗೇ ಅಜ್ಜಿಯೂ ಇಳಿದರು.

ಸುಮ್ನೆ_ಬಂದೆ
ಎಲ್ಲಾ ಸರಿ. ಗಡಿಯಾರದ ಕಥೆ ಏನಾಯಿತು?

ಕೋಟೆ ಕೆಳಗಿನವ (ಬಳ್ಳಾರಿ)
ಆಯಿತು. ಸ್ಯಾನಿಟೈಜರ್ ಕುಡಿದ ಬ್ಯಾಂಡಿನ ಪ್ಲೇಟು ಅಡುಗೆಮನೆ ಗೋಡೆ ಮೇಲಿದೆ. ಹತ್ತು ನಿಮಿಷ ಹಿಂದೆ ಓಡುತ್ತಿದೆ.